ಬಾಲಿಯಲ್ಲಿ ಬಾಡಿಗೆ ಮನೆ: ಮೊದಲು ಬಂಜಾರ್, ಆಮೇಲೆ ಬೀಗದ ಕೈ

ಬಾಲಿಗೆ ಹೋಗಿ ಆರು ತಿಂಗಳೋ ಒಂದು ವರ್ಷವೋ ಇದ್ದು ಬರೋಣ ಅಂದುಕೊಳ್ಳುವವರು ಮೊದಲು ನೋಡುವುದು ಮನೆಯ ಫೋಟೊಗಳನ್ನು. ಎಸಿ ಇದೆಯಾ, ಕಿಟಕಿಯಿಂದ ಗದ್ದೆ ಕಾಣುತ್ತದಾ, ಸಮುದ್ರ ಎಷ್ಟು ದೂರ, ಬಾಡಿಗೆ ಎಷ್ಟು. ಜನರ ವಿಚಾರ ಹೋದಮೇಲೆ ನೋಡಿಕೊಂಡರಾಯಿತು ಎಂಬ ಲೆಕ್ಕ. ಬಾಲಿಯಲ್ಲಿ ಈ ಲೆಕ್ಕ ಕೈಕೊಡುತ್ತದೆ. ಅಲ್ಲಿ ಪ್ರತಿ ಮನೆಯೂ ಒಂದು ಬಂಜಾರ್‌ಗೆ ಸೇರಿದ್ದು. ಬಂಜಾರ್ ಅಂದರೆ ಕೇರಿಯ ಕೂಟ. ಗುಡಿಯ ಉತ್ಸವ, ಮದುವೆ, ಸಾವು, ಕಸ, ರಾತ್ರಿ ಕಾವಲು, ನೆರೆಹೊರೆಯ ಜಗಳ ಎಲ್ಲವೂ ಅದರ ಕೈಯಲ್ಲಿ. ಮನೆ ಹಿಡಿದ ದಿನವೇ ಬಾಡಿಗೆದಾರ ಆ ಕೇರಿಯ ಲೆಕ್ಕಕ್ಕೆ ಸೇರುತ್ತಾನೆ, ಅವನಿಗೆ ಗೊತ್ತಿರಲಿ ಬಿಡಲಿ. 2019ರ ನಾಲ್ಕನೇ ಪ್ರಾಂತೀಯ ಕಾನೂನು ಇದನ್ನು ಬರಹಕ್ಕೂ ಇಳಿಸಿದೆ: ಊರಿನ ಸದಸ್ಯರು ಒಂದು ವರ್ಗ, ಬೇರೆ ಊರಿನಿಂದ ಬಂದ ಬಾಲಿ ಹಿಂದೂಗಳು ಇನ್ನೊಂದು, ಉಳಿದವರೆಲ್ಲ 'ತಮಿಯು', ಅಂದರೆ ಅತಿಥಿಗಳು. ಅತಿಥಿಗೆ ಹಕ್ಕು ಕಡಿಮೆ, ಆದರೆ ಕರ್ತವ್ಯ ಇಲ್ಲದೇ ಇಲ್ಲ.

ಇನ್ನೊಂದು ಕಾರಣವೂ ಇದೆ. ಅಗ್ಗದ ಮನೆಗಳು ಬಹುಪಾಲು ಇಂಟರ್‌ನೆಟ್‌ಗೆ ಬರುವುದೇ ಇಲ್ಲ. ಅವು ಗೇಟಿಗೆ ಕಟ್ಟಿದ ಬೋರ್ಡಿನಲ್ಲಿ, ವಾರುಂಗ್ ಎಂಬ ಸಣ್ಣ ಊಟದಂಗಡಿ ನಡೆಸುವ ಹೆಂಗಸಿನ ಬಾಯಲ್ಲಿ, ಬಂಜಾರ್‌ನ ಹಿರಿಯನ ನೆನಪಿನಲ್ಲಿ ಇರುತ್ತವೆ. ಜನ ಸಿಕ್ಕರೆ ಮನೆ ಸಿಗುತ್ತದೆ, ಅದೂ ಅರ್ಧ ಬೆಲೆಗೆ. ಮನೆ ಮಾತ್ರ ಸಿಕ್ಕರೆ ಜನ ಸಿಗುವ ಖಾತರಿ ಇಲ್ಲ. ಈ ಬರಹದಲ್ಲಿ ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ.

'ಕೈಗೆಟುಕುವ ಬಾಡಿಗೆ' ಅಂದರೆ ಎಷ್ಟು ಎಂಬುದನ್ನು ಹೊರಡುವ ಮೊದಲೇ ತೀರ್ಮಾನಿಸಿಕೊಳ್ಳಬೇಕು. 2025ರಲ್ಲಿ ಬಾಲಿ ಪ್ರಾಂತ್ಯದ ಕನಿಷ್ಠ ತಿಂಗಳ ವೇತನ ಸುಮಾರು 30 ಲಕ್ಷ ರುಪಿಯಾ. ಒಂದು ರೂಪಾಯಿಗೆ 180ರಿಂದ 190 ರುಪಿಯಾ ಹಿಡಿದರೆ 16 ಸಾವಿರ ರೂಪಾಯಿ ಆಸುಪಾಸು. ಹೋಟೆಲಿನಲ್ಲಿ, ಅಂಗಡಿಯಲ್ಲಿ ದುಡಿಯುವವರು ಈ ಸಂಬಳದಲ್ಲೇ ಕೋಣೆ ಹಿಡಿದು ಬದುಕುತ್ತಾರೆ. ಹಾಗಾಗಿ ಆ ಬೆಲೆಯ ಕೋಣೆಗಳು ದ್ವೀಪದಲ್ಲಿ ಸಾವಿರಾರು ಇರಲೇಬೇಕು, ಇವೆ ಕೂಡ. ಚಾಂಗು, ಬೆರಾವಾ ಕಡೆ ಒಂದು ಬೆಡ್‌ರೂಮಿನ ವಿಲ್ಲಾಕ್ಕೆ ತಿಂಗಳಿಗೆ ಒಂದೂವರೆ ಎರಡು ಕೋಟಿ ರುಪಿಯಾ ಹೇಳುತ್ತಾರೆ, ಅಂದರೆ 80 ಸಾವಿರದಿಂದ ಒಂದು ಲಕ್ಷ ರೂಪಾಯಿ. ಅದೇ ದುಡ್ಡಿಗೆ ರಾಜಧಾನಿ ಡೆನ್‌ಪಸಾರ್‌ನ ಒಳಗಿನ ಗಲ್ಲಿಯಲ್ಲಿ ಎರಡು ಕೋಣೆಯ ಮನೆ ತಿಂಗಳುಗಟ್ಟಲೆ ಸಿಗುತ್ತದೆ. ವಿದೇಶಿಯರ ಬೆಲೆ ಮತ್ತು ಊರಿನವರ ಬೆಲೆ ಅಕ್ಕಪಕ್ಕದ ಬೀದಿಗಳಲ್ಲೇ ಇವೆ. ಹೊಸಬರು ಎರಡರ ನಡುವೆ ನಿಲ್ಲುವುದು ನ್ಯಾಯ ಎಂದು ನನಗೆ ಅನ್ನಿಸುತ್ತದೆ. ತೀರಾ ಕೆಳಗೆ ಹಗ್ಗಜಗ್ಗಾಟ ಮಾಡಿದರೆ ಸಂಬಳದಾಳಿನ ಕೋಣೆಯನ್ನು ನಾವು ಕಿತ್ತುಕೊಂಡಂತೆ. ಕೇಳಿದ್ದಷ್ಟನ್ನು ಕೊಟ್ಟರೆ ಇಡೀ ಬೀದಿಯ ಬಾಡಿಗೆ ಏರುತ್ತದೆ.

ಊರುಗಳ ಗುಣ ಬೇರೆ ಬೇರೆ. ಚಾಂಗು ಪೂರ್ತಿ ಲ್ಯಾಪ್‌ಟಾಪ್ ಮತ್ತು ಸರ್ಫಿಂಗ್ ಮಂದಿಯದು. ರಸ್ತೆ ಕಿರಿದು, ಟ್ರಾಫಿಕ್ ವಿಪರೀತ, ಎಲ್ಲೆಲ್ಲೂ ಕಟ್ಟಡ ಕೆಲಸ. ಉಬುದ್‌ನಲ್ಲಿ ಯೋಗ, ಸಂಗೀತ, ಚಿತ್ರಕಲೆ, ಸಸ್ಯಾಹಾರ. ತುಸು ಎತ್ತರದಲ್ಲಿದೆ, ರಾತ್ರಿ ತಂಪು, ಮಳೆಯೂ ಹೆಚ್ಚು. ಸಾನುರ್ ಸಂಸಾರಸ್ಥರ ಊರು, ಸಮತಟ್ಟು, ಸಮುದ್ರದ ಪಕ್ಕ ಉದ್ದಕ್ಕೂ ನಡೆಯುವ ದಾರಿ ಇದೆ, ವಯಸ್ಸಾದ ಅಪ್ಪ ಅಮ್ಮ ಜತೆಗಿದ್ದರೆ ನಾನು ಸೂಚಿಸುವುದು ಇದನ್ನೇ. ಡೆನ್‌ಪಸಾರ್ ಪ್ರವಾಸಿಗರ ಕಣ್ಣಿಗೆ ಬೀಳದ ಊರು, ಆದರೆ ಆಸ್ಪತ್ರೆ, ಮಾರುಕಟ್ಟೆ, ಕಾಲೇಜು, ಅಗ್ಗದ ಕೋಣೆ ಎಲ್ಲ ಇರುವುದು ಅಲ್ಲೇ. ದಕ್ಷಿಣದ ಬುಕಿತ್ ಪ್ರಸ್ಥಭೂಮಿ ಸುಣ್ಣದಕಲ್ಲಿನದು, ನೀರು ನಿಲ್ಲುವುದಿಲ್ಲ. ಉಲುವಾತು ಸುತ್ತ ಅಗ್ಗದ ಮನೆ ಕಂಡರೆ ನೀರು ನಲ್ಲಿಯದೋ ಟ್ಯಾಂಕರ್‌ನದೋ ಎಂದು ಮೊದಲು ಕೇಳಿ, ಟ್ಯಾಂಕರ್ ಖರ್ಚು ಸೇರಿಸಿದರೆ ಅಗ್ಗ ಅಗ್ಗವಾಗಿ ಉಳಿಯುವುದಿಲ್ಲ. ಉತ್ತರದ ಸಿಂಗರಾಜ, ಲೊವಿನಾ ಕಡೆ ಬಾಡಿಗೆ ಇನ್ನೂ ಇಳಿಯುತ್ತದೆ, ಆದರೆ ವಿಮಾನ ನಿಲ್ದಾಣಕ್ಕೆ ಬೆಟ್ಟ ಹತ್ತಿ ಇಳಿದು ಮೂರು ತಾಸಿನ ದಾರಿ.

ಮೊದಲ ತಿಂಗಳು ಮನೆ ಹಿಡಿಯಬೇಡಿ, ಕೋಸ್‌ನಲ್ಲಿ ಇರಿ. ಕೋಸ್ ಅಂದರೆ ತಿಂಗಳ ಬಾಡಿಗೆಯ ಕೋಣೆ. ಒಂದು ಅಂಗಳದ ಸುತ್ತ ಎಂಟೋ ಹತ್ತೋ ಕೋಣೆ, ಪ್ರತಿ ಕೋಣೆಗೂ ಬಚ್ಚಲು, ಕೆಲವು ಕಡೆ ಎಲ್ಲರಿಗೂ ಸೇರಿ ಒಂದು ಅಡುಗೆಮನೆ, ಮುಂದೆ ಸ್ಕೂಟರ್ ನಿಲ್ಲಿಸಲು ಜಾಗ. ಡೆನ್‌ಪಸಾರ್‌ನಲ್ಲಿ ಎಸಿ ಇರುವ ಕೋಣೆ ತಿಂಗಳಿಗೆ 12ರಿಂದ 25 ಲಕ್ಷ ರುಪಿಯಾ ಒಳಗೆ ಸಿಗುತ್ತದೆ. ಉಬುದ್, ಚಾಂಗು ಅಂಚಿನಲ್ಲಿ 30ರಿಂದ 60 ಲಕ್ಷ. 'ಕೋಸ್ ಪುತ್ರಿ' ಹೆಂಗಸರಿಗೆ ಮಾತ್ರ, 'ಕೋಸ್ ಪುತ್ರ' ಗಂಡಸರಿಗೆ, 'ಚಂಪುರ್' ಇಬ್ಬರಿಗೂ. ದಂಪತಿಗಳನ್ನು ಕೆಲವರು ಸೇರಿಸುತ್ತಾರೆ, ಕೆಲವರು ಮದುವೆ ಪತ್ರ ಕೇಳುತ್ತಾರೆ. ಮಾಮಿಕೋಸ್ ಎಂಬ ಆ್ಯಪ್‌ನಲ್ಲಿ ಕೋಸ್‌ಗಳ ಪಟ್ಟಿ ಸಿಗುತ್ತದೆ, ಬೆಲೆಯ ಅಂದಾಜಿಗೆ ಒಳ್ಳೆಯದು. ಆದರೆ ನಿಜವಾದ ಹುಡುಕಾಟ ಕಾಲ ಮೇಲೆ.

ಮುಖ್ಯರಸ್ತೆ ಬಿಟ್ಟು ಗಲ್ಲಿಗಳಿಗೆ ಹೋಗಿ. ಅಲ್ಲಿ ಗಲ್ಲಿಗೆ 'ಗಾಂಗ್' ಅನ್ನುತ್ತಾರೆ. ಗೇಟುಗಳ ಮೇಲೆ 'ತೆರಿಮಾ ಕೋಸ್' ಎಂದಿದ್ದರೆ ಕೋಣೆ ಇದೆ ಎಂದರ್ಥ; 'ದಿಸೆವಾಕಾನ್' ಅಂದರೆ ಬಾಡಿಗೆಗಿದೆ; 'ದಿಕೊಂತ್ರಾಕ್ಕಾನ್' ಅಂದರೆ ಇಡೀ ಮನೆ ವರ್ಷದ ಲೆಕ್ಕದಲ್ಲಿ. ಕೆಳಗೆ ಒಂದು ಫೋನ್ ನಂಬರ್. ವಾಟ್ಸಾಪ್‌ನಲ್ಲಿ ಇಂಡೋನೇಷ್ಯಾ ಭಾಷೆಯಲ್ಲೇ ಎರಡು ಸಾಲು ಕಳಿಸಿದರೆ ಒಂದು ಬೆಲೆ, ಇಂಗ್ಲಿಷಿನಲ್ಲಿ ಕಳಿಸಿದರೆ ಇನ್ನೊಂದು. ಬೆಲೆ ಓದುವಾಗ ಎಚ್ಚರ: ಅಲ್ಲಿ ಚುಕ್ಕೆ ಮತ್ತು ಅಲ್ಪವಿರಾಮ ನಮಗೆ ತದ್ವಿರುದ್ಧ. 1.500.000 ಎಂದರೂ, 1,5 ಜೂತಾ ಎಂದರೂ 15 ಲಕ್ಷವೇ. ಒಂದು ಜೂತಾಕ್ಕೆ 10 ಲಕ್ಷ. ತಿಂಗಳಿಗೆ 'ಪೆರ್ ಬುಲಾನ್', ವರ್ಷಕ್ಕೆ 'ಪೆರ್ ತಾಹುನ್'. ತಿಂಗಳದ್ದು ಅಂದುಕೊಂಡು ಖುಷಿಪಟ್ಟ ಬೆಲೆ ಹಲವು ಸಲ ಹನ್ನೆರಡು ತಿಂಗಳ ಒಪ್ಪಂದ ಮಾಡಿದರೆ ಮಾತ್ರ ಸಿಗುವ ತಿಂಗಳ ಬೆಲೆಯಾಗಿರುತ್ತದೆ.

ಫೋನ್‌ನಲ್ಲಿ ಹೆಸರು ಬರೆದುಕೊಳ್ಳುವಾಗ ಬರೀ 'ವಾಯನ್' ಎಂದು ಬರೆದರೆ ವಾರದಲ್ಲಿ ಐದು ಜನ ವಾಯನ್‌ಗಳು ಸೇರುತ್ತಾರೆ. ಬಾಲಿಯಲ್ಲಿ ಮಕ್ಕಳಿಗೆ ಹುಟ್ಟಿದ ಕ್ರಮದಲ್ಲಿ ಹೆಸರು: ಮೊದಲನೆಯದಕ್ಕೆ ವಾಯನ್ ಅಥವಾ ಪುತು, ಎರಡನೆಯದಕ್ಕೆ ಮಾದೆ, ಮೂರನೆಯದಕ್ಕೆ ನ್ಯೋಮನ್, ನಾಲ್ಕನೆಯದಕ್ಕೆ ಕೆತುತ್. ಹೆಸರಿನ ಜತೆ ಗಲ್ಲಿ, ಗೇಟಿನ ಬಣ್ಣ, ಕೇಳಿದ ಬೆಲೆ ಬರೆದಿಡಿ. ಮಾತನಾಡಿಸುವಾಗ ಗಂಡಸರಿಗೆ 'ಪಾಕ್', ಹಿರಿಯ ಹೆಂಗಸರಿಗೆ 'ಇಬು'. ಬಾಲಿಯವರೇ ಎಂದು ಗೊತ್ತಾದಮೇಲೆ ಅಣ್ಣನಿಗೆ 'ಬ್ಲಿ', ಅಕ್ಕನಿಗೆ 'ಎಂಬೊಕ್'. ಹೆಸರು ಹಿಡಿದು ಬರಿದೇ ಕರೆಯುವುದು ನಮ್ಮಲ್ಲಿ ಹೇಗೋ ಅಲ್ಲೂ ಹಾಗೆಯೇ ಒರಟು.

ಮನೆ ನೋಡಲು ಹೋದಾಗ ಮೊದಲು ಕರೆಂಟ್ ಮೀಟರ್ ನೋಡಿ. ಇಷ್ಟು ಸಣ್ಣ ಪೆಟ್ಟಿಗೆ ಇಷ್ಟು ಸುದ್ದಿ ಹೇಳುವುದು ಬೇರೆಲ್ಲೂ ಇಲ್ಲ. ಪಿಎಲ್‌ಎನ್ ಎಂಬ ಸರ್ಕಾರಿ ಕಂಪನಿ ಪ್ರತಿ ಮನೆಗೂ ಇಷ್ಟೇ ಎಂದು ಮಿತಿ ಹಾಕಿ ಕರೆಂಟ್ ಕೊಡುತ್ತದೆ: 900, 1300, 2200, 3500 ವಿಎ (ವೋಲ್ಟ್-ಆಂಪಿಯರ್) ಹೀಗೆ. 900ಕ್ಕೆ 4 ಆಂಪಿಯರ್ ಬ್ರೇಕರ್, 1300ಕ್ಕೆ 6, 2200ಕ್ಕೆ 10, 3500ಕ್ಕೆ 16. ಒಂದು ಪಿಕೆ, ಅಂದರೆ ಒಂದು ಅಶ್ವಶಕ್ತಿ, ಎಂದು ಮಾರುವ ಎಸಿ 800 ವ್ಯಾಟ್ ಆಸುಪಾಸು ಎಳೆಯುತ್ತದೆ, ಅನ್ನದ ಕುಕ್ಕರ್ 350. 1300ರ ಮನೆಯಲ್ಲಿ ಇವೆರಡೂ ಓಡುವಾಗ ಬೋರ್‌ವೆಲ್ ಪಂಪ್ ತಾನಾಗಿ ಶುರುವಾದರೆ ಸಾಕು, ಮನೆಯಿಡೀ ಕತ್ತಲೆ. ಬ್ರೇಕರ್ ಮೇಲಿನ ಅಂಕಿ ಓದಿದರೆ ಎರಡು ಎಸಿ ಇದೆ ಎಂದು ಹೇಳುವ ಮನೆಯಲ್ಲಿ ಒಂದೇ ಓಡುತ್ತದೆ ಎಂಬುದು ನಿಂತಲ್ಲೇ ತಿಳಿಯುತ್ತದೆ. ಮಿತಿ ಹೆಚ್ಚಿಸಬಹುದು, ಆದರೆ ಅರ್ಜಿ ಮನೆ ಮಾಲೀಕರ ಹೆಸರಲ್ಲೇ ಹೋಗಬೇಕು, ಖರ್ಚು ಯಾರದು ಎಂದು ಮೊದಲೇ ಮಾತಾಡಬೇಕು.

ಹೆಚ್ಚಿನ ಮನೆಗಳಲ್ಲಿ ಪ್ರಿಪೇಯ್ಡ್ ಮೀಟರ್. ಅಂಗಡಿಯಲ್ಲಿ ಅಥವಾ ಆ್ಯಪ್‌ನಲ್ಲಿ ದುಡ್ಡು ಕೊಟ್ಟರೆ 20 ಅಂಕಿಯ ಟೋಕನ್ ಬರುತ್ತದೆ, ಅದನ್ನು ಮೀಟರ್‌ನ ಗುಂಡಿ ಒತ್ತಿ ತುಂಬಬೇಕು. ಯೂನಿಟ್ ಮುಗಿಯುತ್ತ ಬಂದಾಗ ಮೀಟರ್ ಕುಂಯ್ ಕುಂಯ್ ಅನ್ನುತ್ತದೆ. 1300 ಮತ್ತು 2200 ವಿಎ ಮನೆಗಳಿಗೆ ಯೂನಿಟ್‌ಗೆ 1,444.70 ರುಪಿಯಾ, 3500 ಮತ್ತು ಅದಕ್ಕಿಂತ ಮೇಲಿನದಕ್ಕೆ 1,699.53. ರಾತ್ರಿ ಎಂಟು ತಾಸು ಎಸಿ ಹಾಕಿದರೆ ನಾಲ್ಕೈದು ಯೂನಿಟ್, ತಿಂಗಳಿಗೆ ಎರಡು ಲಕ್ಷ ರುಪಿಯಾ, ನಮ್ಮ ಸಾವಿರ ರೂಪಾಯಿಯ ಲೆಕ್ಕ. ಕೋಸ್ ಮಾಲೀಕರು ಸಬ್‌ಮೀಟರ್ ಹಾಕಿ ಯೂನಿಟ್‌ಗೆ ತಮ್ಮದೇ ದರ ಹೇಳಬಹುದು. ಸರ್ಕಾರಿ ದರ ಗೊತ್ತಿದ್ದವರಿಗೆ ಎಷ್ಟು ಹೆಚ್ಚು ಎಂಬುದು ತಕ್ಷಣ ಗೊತ್ತಾಗುತ್ತದೆ. ಬೀಗದ ಕೈ ತೆಗೆದುಕೊಳ್ಳುವ ದಿನ ಮೀಟರ್ ನಂಬರ್ ಮತ್ತು ಉಳಿದ ಯೂನಿಟ್ ಎರಡೂ ಕಾಣುವಂತೆ ಫೋಟೊ ತೆಗೆದು ಮಾಲೀಕರಿಗೂ ಕಳಿಸಿ.

ಎರಡನೆಯದು ತೇವ. ಬಾಲಿಯ ಮಳೆಗಾಲ ಸರಿಸುಮಾರು ನವೆಂಬರ್‌ನಿಂದ ಮಾರ್ಚ್. ಬೇಸಿಗೆಯಲ್ಲಿ ಬಣ್ಣ ಬಳಿದು ಫೋಟೊ ತೆಗೆದ ಮನೆ ಜನವರಿಯಲ್ಲಿ ಬೇರೆಯದೇ ಮನೆ. ಒಂದೇ ಇಟ್ಟಿಗೆ ದಪ್ಪದ ಗೋಡೆ, ಅಡಿಪಾಯದಿಂದ ತೇವ ಏರದಂತೆ ತಡೆ ಹಾಕಿರುವುದಿಲ್ಲ, ಆಚೆ ಗದ್ದೆಯ ನೀರು. ಗೋಡೆಯ ಕೆಳಭಾಗ, ಮೊಣಕಾಲೆತ್ತರದವರೆಗೆ, ಕೈಯಾಡಿಸಿ ನೋಡಿ: ಬಣ್ಣ ಉಬ್ಬಿದ್ದರೆ, ಬಿಳಿ ಪುಡಿ ಉದುರಿದರೆ ನೀರು ಏರುತ್ತಿದೆ ಎಂದರ್ಥ. ಅಲ್ಲಿಗಷ್ಟೇ ಹೊಸ ಬಣ್ಣ ಬಳಿದಿದ್ದರೂ ಅದೇ ಅರ್ಥ. ಪ್ಲೈವುಡ್ ಬೀರುವಿನ ಬಾಗಿಲು ತೆಗೆದು ಒಳಗೆ ಮೂಗಿಟ್ಟು ವಾಸನೆ ನೋಡಿ, ಹಿಂದಿನ ಹಲಗೆ ಒತ್ತಿ ನೋಡಿ, ಮೆತ್ತಗಿದ್ದರೆ ಬೂಷ್ಟು ಒಳಗಿದೆ. ಮಲೆನಾಡಿನವರಿಗೆ, ಕರಾವಳಿಯವರಿಗೆ ಇದನ್ನು ಕಲಿಸಿಕೊಡಬೇಕಾಗಿಲ್ಲ. ಬೆಂಗಳೂರಿನವರು ಮಾತ್ರ ಚರ್ಮದ ಚಪ್ಪಲಿ, ಬೆಲ್ಟು, ಕ್ಯಾಮೆರಾ ಲೆನ್ಸುಗಳಿಗೆ ಮುಚ್ಚಳದ ಡಬ್ಬಿ ಮತ್ತು ತೇವ ಹೀರುವ ಪುಡಿ ಇಟ್ಟುಕೊಳ್ಳಲಿ. ನದಿಯಂಚಿನ ತಗ್ಗು ಮನೆಗಳ ಬಗ್ಗೆ ಇನ್ನಷ್ಟು ಎಚ್ಚರ ಬೇಕು: 2025ರ ಸೆಪ್ಟೆಂಬರ್‌ನಲ್ಲಿ ಡೆನ್‌ಪಸಾರ್‌ನ ನಡುವೆ ಹರಿಯುವ ಬಾದುಂಗ್ ನದಿ ಉಕ್ಕಿ ಮನೆ, ಅಂಗಡಿಗಳು ಮುಳುಗಿದವು, ದ್ವೀಪದಲ್ಲಿ ಜನ ಸತ್ತರು. ಅದು ಮಳೆಗಾಲ ಶುರುವಾಗುವುದಕ್ಕೂ ಮೊದಲು. ಪಕ್ಕದ ಮನೆಯವರನ್ನು 'ಇಲ್ಲಿಗೆ ನೀರು ಬಂದಿತ್ತಾ' ಎಂದು ಕೇಳಿದರೆ ಗೋಡೆಯ ಮೇಲೆ ಎಲ್ಲಿವರೆಗೆ ಎಂದು ಕೈಯಿಟ್ಟು ತೋರಿಸುತ್ತಾರೆ.

ನೀರಿನ ವಿಚಾರ ಬೇಗ ಮುಗಿಯುತ್ತದೆ. ಬಳಸಲು ಬೋರ್‌ವೆಲ್ ಅಥವಾ ನಲ್ಲಿ, ಕುಡಿಯಲು 19 ಲೀಟರ್ ಕ್ಯಾನ್. ಕಂಪನಿಯ ಕ್ಯಾನ್‌ಗೆ 20 ಸಾವಿರ ರುಪಿಯಾ ದಾಟುತ್ತದೆ, ಗಲ್ಲಿಯ ಮರುಪೂರಣ ಅಂಗಡಿಯಲ್ಲಿ ಅದರ ಮೂರನೇ ಒಂದು ಪಾಲು. ಬಚ್ಚಲಿನ ಬಿಳಿ ಟೈಲ್ಸ್ ಕಂದು ಹಿಡಿದಿದ್ದರೆ ನೀರಿನಲ್ಲಿ ಕಬ್ಬಿಣ ಇದೆ, ಬಿಳಿ ಬಟ್ಟೆಗೆ ಆಗದು. ಅಡುಗೆ ಗ್ಯಾಸಿನ 3 ಕೆಜಿಯ ಹಸಿರು ಸಿಲಿಂಡರ್ ಬಡವರಿಗೆಂದು ಸಬ್ಸಿಡಿ ಕೊಟ್ಟು ಮಾಡಿದ್ದು. ಹೊರಗಿನಿಂದ ಬಂದವರು 5.5 ಅಥವಾ 12 ಕೆಜಿಯದನ್ನೇ ಕೊಳ್ಳಬೇಕು.

ಒಂದೇ ಮನೆಯನ್ನು ಬೆಳಗ್ಗೆ ಆರಕ್ಕೆ, ಸಂಜೆ ಐದೂವರೆಗೆ, ರಾತ್ರಿ ಹತ್ತಕ್ಕೆ, ಸಾಧ್ಯವಾದರೆ ಮಳೆಯಲ್ಲಿ ಒಮ್ಮೆ ನೋಡಿ. ಬೆಳಗ್ಗೆ ಅಂಕದ ಹುಂಜಗಳು, ಗುಡಿಯ ಲೌಡ್‌ಸ್ಪೀಕರಿನಲ್ಲಿ ತ್ರಿಸಂಧ್ಯಾ ಪ್ರಾರ್ಥನೆ. ಅದು ಗಾಯತ್ರಿ ಮಂತ್ರದಿಂದಲೇ ಶುರುವಾಗುವುದರಿಂದ ನಮ್ಮವರಿಗೆ ಪರಕೀಯ ಅನ್ನಿಸದು. ಸಂಜೆ ಯಾರೋ ಅಂಗಳದ ಕಸಕ್ಕೆ ಬೆಂಕಿ ಹಾಕುತ್ತಾರೆ, ಅದರಲ್ಲಿ ಪ್ಲಾಸ್ಟಿಕ್ಕೂ ಇರುತ್ತದೆ. ಗಾಳಿ ಯಾವ ಕಡೆಗೆ ಎಂದು ನೋಡಿಕೊಳ್ಳಬೇಕು. ರಾತ್ರಿ ಬೀದಿನಾಯಿಗಳು. 2008ರಿಂದ ಬಾಲಿಯಲ್ಲಿ ರೇಬೀಸ್ ಇದೆ, ಪರಚಿದರೂ ಕಾಲು ಗಂಟೆ ಸೋಪು ನೀರಿನಲ್ಲಿ ತೊಳೆದು ಅಂದೇ ಚುಚ್ಚುಮದ್ದಿಗೆ ಹೋಗಬೇಕು. ಪಕ್ಕದ ನಿವೇಶನ ಖಾಲಿಯಿದ್ದರೆ ಅದನ್ನು ಯಾರು ಕೊಂಡಿದ್ದಾರೆ ಎಂದು ಕೇಳಿ. ಇವತ್ತು ಕಾಣುವ ಗದ್ದೆ ಆರು ತಿಂಗಳಲ್ಲಿ ಕಾಂಕ್ರೀಟ್ ಮಿಕ್ಸರ್ ಆಗುವುದನ್ನು ದಕ್ಷಿಣ ಬಾಲಿಯಲ್ಲಿ ಎಲ್ಲರೂ ಕಂಡಿದ್ದಾರೆ. ಸುಬಾಕ್ ಎಂಬ ನೀರಾವರಿ ಪದ್ಧತಿಗೆ 2012ರಲ್ಲಿ ಯುನೆಸ್ಕೊ ಮಾನ್ಯತೆ ಬಂತು. ಅದೇ ಗದ್ದೆಗಳು ಬಾಡಿಗೆ ವಿಲ್ಲಾಗಳಿಗಾಗಿ ಮುಚ್ಚಿಹೋಗುತ್ತಿರುವುದು ನನಗೆ ನೋವಿನ ಸಂಗತಿ. ಹಳೆಯ ಮನೆಯ ಕೋಣೆಯನ್ನೋ ಊರಿನವರ ಅಂಗಳದ ಹೋಮ್‌ಸ್ಟೇಯನ್ನೋ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಕೋಸ್‌ಗೆ ತಿಂಗಳ ದುಡ್ಡು ಕೊಟ್ಟು ರಸೀದಿ ಪಡೆದರೆ ಸಾಕು. ಇಡೀ ಮನೆಯಾದರೆ ಲೆಕ್ಕ ಬೇರೆ. ಅಲ್ಲಿ ಕೊಂತ್ರಾಕ್ ಅಂದರೆ ಒಂದು ವರ್ಷದ ಬಾಡಿಗೆಯನ್ನು ಒಟ್ಟಿಗೆ ಮುಂಗಡ ಕೊಡುವುದು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್‌ಗೆ ಒಗ್ಗಿದವರಿಗೆ ಮೊತ್ತ ಹೊಸದಲ್ಲ, ಆದರೆ ವ್ಯತ್ಯಾಸ ದೊಡ್ಡದು: ಇದು ವಾಪಸ್ ಬರುವ ದುಡ್ಡಲ್ಲ. ನಾಲ್ಕನೇ ತಿಂಗಳಲ್ಲಿ ಬಿಟ್ಟು ಹೊರಟರೆ ಉಳಿದ ಎಂಟು ತಿಂಗಳದ್ದು ಹೋದಂತೆಯೇ. ಅದನ್ನು ಇನ್ನೊಬ್ಬರಿಗೆ ದಾಟಿಸುವುದಕ್ಕೆ 'ಓವರ್ ಕೊಂತ್ರಾಕ್' ಅನ್ನುತ್ತಾರೆ. ಹಾಗೆ ದಾಟಿಸಲು ಒಪ್ಪಿಗೆ ಇದೆ ಎಂಬ ಒಂದು ಸಾಲು ಕರಾರಿನಲ್ಲಿ ಇರಲೇಬೇಕು. ಹೊಸದಾಗಿ ಹುಡುಕುವವರಿಗೆ ಇಂಥ ಉಳಿಕೆ ಕರಾರುಗಳು ಒಳ್ಳೆಯ ಅವಕಾಶ: ಅವಸರದಲ್ಲಿ ಹೊರಟವರು ಕಡಿಮೆಗೆ ಬಿಟ್ಟುಕೊಡುತ್ತಾರೆ, ಮಂಚ, ಫ್ರಿಜ್ ಕೂಡ ಅಲ್ಲೇ ಉಳಿಯುತ್ತವೆ. ಆದರೆ ದುಡ್ಡು ಕೊಡುವ ಮುಂಚೆ ಮೂಲ ಮಾಲೀಕರನ್ನು ಕಂಡೇ ಮಾತಾಡಿ.

ದುಡ್ಡು ಮುಳುಗುವುದು ಬಹುತೇಕ ಇಲ್ಲೇ. ಜಮೀನಿನ ಮಾಲೀಕರಿಂದ ಒಬ್ಬರು ಇಪ್ಪತ್ತೈದು ವರ್ಷಕ್ಕೆ ಭೋಗ್ಯ ಪಡೆದಿರುತ್ತಾರೆ, ಅವರಿಂದ ಇನ್ನೊಬ್ಬರು ಐದು ವರ್ಷಕ್ಕೆ, ಅವರಿಂದ ಏಜೆಂಟ್ ಒಂದು ವರ್ಷಕ್ಕೆ, ಕೊನೆಗೆ ನೀವು. ನಡುವೆ ಒಬ್ಬರು ಕೊಡಬೇಕಾದ್ದು ಕೊಡದಿದ್ದರೆ ಗೇಟಿಗೆ ಬೀಗ ಬೀಳುತ್ತದೆ, ಹೊರಗೆ ನಿಲ್ಲುವವರು ಕೊನೆಯವರು. ಹಾಗಾಗಿ ಮೂರು ಹೆಸರು ಹೊಂದಬೇಕು: ಜಮೀನಿನ ಸರ್ಟಿಫಿಕೇಟಿನಲ್ಲಿರುವ ಹೆಸರು ಅಥವಾ ಅವರಿಂದ ಬಾಡಿಗೆಗೆ ಕೊಡುವ ಹಕ್ಕು ಪಡೆದ ಪತ್ರದಲ್ಲಿರುವ ಹೆಸರು, ಎದುರು ಕೂತವರ ಕೆಟಿಪಿ ಗುರುತಿನ ಚೀಟಿಯ ಹೆಸರು, ದುಡ್ಡು ಹೋಗುವ ಬ್ಯಾಂಕ್ ಖಾತೆಯ ಹೆಸರು. ಅಪ್ಪನ ಹೆಸರಲ್ಲಿರುವ ಜಾಗಕ್ಕೆ ಅಣ್ಣತಮ್ಮಂದಿರಲ್ಲಿ ಒಬ್ಬರು ಸಹಿ ಮಾಡಲು ಬಂದರೆ ಉಳಿದವರ ಒಪ್ಪಿಗೆಯೂ ಬೇಕು. ಕರಾರಿಗೆ 10,000 ರುಪಿಯಾದ ಮೆತೆರಾಯ್ ಸ್ಟಾಂಪ್ ಅಂಟಿಸಿ ಅದರ ಮೇಲೆ ಹಾಯುವಂತೆ ಸಹಿ ಹಾಕುತ್ತಾರೆ. ಮೊತ್ತ ದೊಡ್ಡದಾದರೆ ನೋಟರಿ ಬಳಿ ಮಾಡಿಸುವುದು ಮೇಲು. ಅಲ್ಲಿನ ನೋಟರಿ ಸರ್ಟಿಫಿಕೇಟನ್ನು ಭೂ ಕಚೇರಿಯಲ್ಲಿ ಪರೀಕ್ಷಿಸಬಲ್ಲರು.

ಕರಾರಿನಲ್ಲಿ ಬರೆಸಬೇಕಾದ ಇನ್ನೊಂದು ಮಾತು ತೆರಿಗೆಯದು. ಮನೆ ಬಾಡಿಗೆ ಆದಾಯಕ್ಕೆ ಇಂಡೋನೇಷ್ಯಾದಲ್ಲಿ ಶೇ. 10 ಅಂತಿಮ ತೆರಿಗೆ ಇದೆ, ಅದು ಮಾಲೀಕರ ಆದಾಯದ ಮೇಲಿನದು. ಯಾರು ಕಟ್ಟುತ್ತಾರೆ ಎಂದು ಬರೆಯದಿದ್ದರೆ ಆಮೇಲೆ ಬಾಡಿಗೆದಾರರ ತಲೆಗೆ ಬರುತ್ತದೆ. ಸೂರು ಸೋರಿದರೆ, ಪಂಪ್ ಸುಟ್ಟರೆ, ಎಸಿ ಗ್ಯಾಸ್ ಮುಗಿದರೆ, ಶೌಚದ ಗುಂಡಿ ತುಂಬಿದರೆ ಯಾರ ಖರ್ಚು ಎಂಬುದನ್ನು ಒಂದೊಂದಾಗಿ ಬರೆಸಿ. 'ರಿಪೇರಿ ಮಾಲೀಕರದು' ಎಂಬ ಒಂದೇ ಸಾಲು ಜಗಳಕ್ಕೆ ಬೀಜ. ಮನೆಯೊಳಗೆ ಕಾಲಿಡದೆ, ಬರೀ ಫೋಟೊ ನೋಡಿ, 'ಇನ್ನೊಬ್ಬರು ಕೇಳುತ್ತಿದ್ದಾರೆ' ಎಂಬ ಒತ್ತಡಕ್ಕೆ ಮುಂಗಡ ಕಳಿಸುವುದಂತೂ ಬೇಡವೇ ಬೇಡ. ಬೇರೆಯವರ ವಿಲ್ಲಾದ ಫೋಟೊ ಹಾಕಿ ದುಡ್ಡು ಕೀಳುವವರು ಅಲ್ಲೂ ಇದ್ದಾರೆ. ಜುಲೈ, ಆಗಸ್ಟ್, ಡಿಸೆಂಬರ್‌ನಲ್ಲಿ ಹುಡುಕಬೇಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಮನೆಗಳು ಖಾಲಿ, ಮಾತಿಗೆ ಜಗ್ಗುವವರು ಹೆಚ್ಚು, ಮಳೆಯ ಗುಟ್ಟೂ ಗೋಡೆಯಲ್ಲೇ ಕಾಣುತ್ತದೆ.

ವೀಸಾ ಅವಧಿಗಿಂತ ಉದ್ದದ ಕರಾರು ಮಾಡಿಕೊಳ್ಳುವವರು ಬಹಳ. ಭಾರತೀಯರಿಗೆ ನಿಲ್ದಾಣದಲ್ಲಿ ಸಿಗುವ ವೀಸಾಕ್ಕೆ 5 ಲಕ್ಷ ರುಪಿಯಾ. 30 ದಿನ, ಇನ್ನೊಮ್ಮೆ 30 ದಿನ ವಿಸ್ತರಣೆ, ಅಲ್ಲಿಗೆ ಮುಗಿಯಿತು. ಪ್ರವಾಸಿಗರ ಶುಲ್ಕ 1.5 ಲಕ್ಷ ರುಪಿಯಾ ಬೇರೆ, 2024ರ ಫೆಬ್ರವರಿಯಿಂದ. ಮೊದಲೇ ಅರ್ಜಿ ಹಾಕುವ 60 ದಿನಗಳ ವೀಸಾವನ್ನು ವಿಸ್ತರಿಸುತ್ತ 180 ದಿನದವರೆಗೆ ಹೋಗಬಹುದು. ವಿದೇಶಿ ಕಂಪನಿಗೆ ಕೂತಲ್ಲಿಂದ ಕೆಲಸ ಮಾಡುವವರಿಗೆ ಇ33ಜಿ ಎಂಬ ಒಂದು ವರ್ಷದ ವೀಸಾ ಇದೆ, ಅದಕ್ಕೆ ವರ್ಷಕ್ಕೆ 60,000 ಡಾಲರ್ ಆದಾಯ ತೋರಿಸಬೇಕು. ಗಡುವು ಮೀರಿದರೆ ದಿನಕ್ಕೆ 10 ಲಕ್ಷ ರುಪಿಯಾ ದಂಡ, ಅಗ್ಗದ ಕೋಸ್‌ನ ತಿಂಗಳ ಬಾಡಿಗೆಯ ಹತ್ತಿರಹತ್ತಿರ ಒಂದೇ ದಿನಕ್ಕೆ. ಪ್ರವಾಸಿ ವೀಸಾದಲ್ಲಿದ್ದು ಯೋಗ ಹೇಳಿಕೊಡುವುದು, ಮದುವೆಯ ಫೋಟೊ ತೆಗೆಯುವುದು, ದುಡ್ಡು ಪಡೆಯದಿದ್ದರೂ, ಗಡೀಪಾರಿಗೆ ದಾರಿ. ಮನೆಯವರು ತಮ್ಮಲ್ಲಿ ಉಳಿದ ವಿದೇಶಿಯರ ವಿವರವನ್ನು ಇಮಿಗ್ರೇಶನ್‌ಗೆ ಆನ್‌ಲೈನಿನಲ್ಲಿ ತಿಳಿಸಬೇಕು. ಪಾಸ್‌ಪೋರ್ಟ್ ಪ್ರತಿ ಕೇಳಿದರೆ ಕೊಡಿ. ಕೇಳದೇ ಇರುವ ಮನೆಯೇ ಅನುಮಾನಕ್ಕೆ ಕಾರಣ.

ಇನ್ನು ಜನರ ಮಾತು. ಬಂದ ವಾರದೊಳಗೆ ಮನೆ ಮಾಲೀಕರ ಜತೆ ಹೋಗಿ ಬಂಜಾರ್‌ನ ಮುಖ್ಯಸ್ಥರನ್ನು, ಅಂದರೆ ಕೆಲಿಯಾನ್‌ರನ್ನು, ಕಂಡು ಬನ್ನಿ. ಕೈಯಲ್ಲಿ ಒಂದು ಕಿಲೊ ಸಕ್ಕರೆ, ಒಂದು ಪೊಟ್ಟಣ ಕಾಫಿಪುಡಿ ಇದ್ದರೆ ಸಂಪ್ರದಾಯಕ್ಕೆ ಒಪ್ಪುತ್ತದೆ. ತಿಂಗಳ ವಂತಿಕೆ ಎಷ್ಟು, ಕಸದ ಗಾಡಿ ಯಾವ ದಿನ, ಪೆಚಾಲಂಗ್ ಕಾವಲುಗಾರರ ನಂಬರ್ ಯಾವುದು, ಇಷ್ಟು ಕೇಳಿಕೊಳ್ಳಿ. ಸ್ಕೂಟರ್ ಕಳುವಾದರೂ, ಹಾವು ಬಂದರೂ ಮೊದಲು ಓಡಿ ಬರುವವರು ಇವರೇ. ಮನೆಯ ಅಂಗಳದ ಮೂಲೆಯಲ್ಲಿ ದೇವರ ಗುಡಿಗಳಿರುತ್ತವೆ, ದಕ್ಷಿಣ ಬಾಲಿಯಲ್ಲಿ ಈಶಾನ್ಯಕ್ಕೆ. ಅದರ ಹತ್ತಿರ ಬಟ್ಟೆ ಒಣಹಾಕಬಾರದು, ಒಳಉಡುಪನ್ನಂತೂ ತಲೆಯ ಮಟ್ಟಕ್ಕಿಂತ ಮೇಲೆ ಎಲ್ಲೂ ಹಾಕಬಾರದು. ನೆಲದ ಮೇಲಿಟ್ಟ ಚನಾಂಗ್, ಅಂದರೆ ಎಲೆಯ ಪುಟ್ಟ ತಟ್ಟೆಯ ಹೂವಿನ ನೈವೇದ್ಯ, ತುಳಿಯದೆ ದಾಟಬೇಕು. ಇಡೀ ಮನೆ ಹಿಡಿದಿದ್ದರೆ ಆ ಗುಡಿಗೆ ದಿನಾ ಚನಾಂಗ್ ಇಡುವವರು ಯಾರು, ಅವರು ಬರುವ ಹೊತ್ತು ಯಾವುದು, ಅದರ ಖರ್ಚು ಬಾಡಿಗೆಯಲ್ಲಿ ಸೇರಿದೆಯೋ ಎಂದು ಮೊದಲೇ ತಿಳಿದಿರಬೇಕು. ಇದನ್ನು ಬೇಡ ಎನ್ನುವ ಬಾಡಿಗೆದಾರರಿಗೆ ಆ ಕೇರಿಯಲ್ಲಿ ಉಳಿಗಾಲವಿಲ್ಲ, ಇರಬಾರದು ಕೂಡ.

ನ್ಯೆಪಿ ಹಬ್ಬದ ದಿನ ಬೆಳಗ್ಗೆ ಆರರಿಂದ ಮರುದಿನ ಆರರವರೆಗೆ ಯಾರೂ ಹೊರಗೆ ಬರುವಂತಿಲ್ಲ, ಬೆಂಕಿ ಇಲ್ಲ, ದೀಪ ಇಲ್ಲ, ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ. 2018ರಿಂದ ಮೊಬೈಲ್ ಇಂಟರ್‌ನೆಟ್ ಕೂಡ ಬಂದ್. ಅದು ಶಕ ವರ್ಷದ ಮೊದಲ ದಿನ, ನಮ್ಮ ಯುಗಾದಿಯ ನೆರೆಗೇ ಬರುತ್ತದೆ: 2023ರಲ್ಲಿ ಎರಡೂ ಮಾರ್ಚ್ 22ರಂದೇ ಬಂದಿದ್ದವು, 2025ರಲ್ಲಿ ಒಂದು ದಿನ ಹಿಂದೆಮುಂದೆ. ಹಿಂದಿನ ಸಂಜೆಯ ಮೆರವಣಿಗೆಗೆ ಕೇರಿಯ ಹುಡುಗರು ವಾರಗಟ್ಟಲೆ ಓಗೊಓಗೊ ಎಂಬ ಭೂತಾಕೃತಿಗಳನ್ನು ಕಟ್ಟುತ್ತಾರೆ. ಹೊಸಬರು ಕೇರಿಗೆ ಹತ್ತಿರವಾಗಲು ಅದಕ್ಕಿಂತ ಒಳ್ಳೆಯ ಸಮಯ ಇಲ್ಲ. ಬಂಜಾರ್ ಚಾವಡಿಗೆ ಹೋಗಿ ಕೂತು ಬಿದಿರು ಹಿಡಿದರೆ, ಕಾಗದಕ್ಕೆ ಅಂಟು ಬಳಿದರೆ ಭಾಷೆ ಅರ್ಧ ಅಲ್ಲೇ ಬರುತ್ತದೆ. ಉತ್ಸವಕ್ಕೆ ಕರೆದರೆ ಸೊಂಟಕ್ಕೆ ಕಾಮೆನ್ ಎಂಬ ಪಂಚೆ, ಮೇಲೆ ನಡುಪಟ್ಟಿ ಕಟ್ಟಿಕೊಂಡು ಹೋಗಿ. ಮುಟ್ಟಾದವರು, ಮನೆಯಲ್ಲಿ ಸಾವಾದವರು ಗುಡಿಯೊಳಗೆ ಹೋಗುವಂತಿಲ್ಲ ಎಂಬ ನೇಮ ಅಲ್ಲಿ ಇವತ್ತಿಗೂ ಗಟ್ಟಿ. 210 ದಿನಕ್ಕೊಮ್ಮೆ ಬರುವ ಗಲುಂಗಾನ್ ಹಬ್ಬದ ಹೊತ್ತಿಗೆ ಅಂಗಡಿ, ಮೇಸ್ತ್ರಿ, ಮನೆ ಕೆಲಸದವರು ಯಾರೂ ಸಿಗುವುದಿಲ್ಲ; ಎಸಿ ರಿಪೇರಿ ಮೊದಲೇ ಮುಗಿಸಿಕೊಳ್ಳಬೇಕು.

ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರು ಒಂದು ಲೆಕ್ಕ ಹಾಕಿಕೊಳ್ಳಬೇಕು. ಬಾಲಿ ನಮಗಿಂತ ಎರಡೂವರೆ ತಾಸು ಮುಂದೆ. ಇಲ್ಲಿ ಬೆಳಗ್ಗೆ ಒಂಬತ್ತೂವರೆ ಅಂದರೆ ಅಲ್ಲಿ ಮಧ್ಯಾಹ್ನ ಹನ್ನೆರಡು. ಇಲ್ಲಿ ಸಂಜೆ ಆರೂವರೆಗೆ ಕೆಲಸ ಮುಗಿದರೆ ಅಲ್ಲಿ ರಾತ್ರಿ ಒಂಬತ್ತು. ಬೆಳಗು ಪೂರ್ತಿ ನಿಮ್ಮದು, ಸಂಜೆ ಒಂದೂ ನಿಮ್ಮದಲ್ಲ. ಗಮೆಲಾನ್ ವಾದ್ಯಮೇಳದ ಅಭ್ಯಾಸ, ಬಂಜಾರ್ ಸಭೆ, ಯೋಗದವರ ಕೂಟ, ಗೆಳೆಯರ ಊಟ ಎಲ್ಲ ಸಂಜೆಯೇ. ಹೀಗಿರುವಾಗ ಕೂಟಗಳ ಊರಿಗಿಂತ ಬೆಳಗಿನ ಊರು ಹುಡುಕುವುದು ಜಾಣತನ: ಸಾನುರ್‌ನಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ಇಡೀ ಊರು ಸಮುದ್ರದ ಬದಿಯಲ್ಲಿರುತ್ತದೆ, ಸಂತೆ ಮಾರುಕಟ್ಟೆಗಳು ಐದಕ್ಕೇ ಶುರು.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆ, ಸಾಂಬಲ್ ಎಂಬ ಚಟ್ನಿಯಲ್ಲಿ ಮಾತ್ರ ತೆರಾಸಿ ಎಂಬ ಸಿಗಡಿ ಮುದ್ದೆ ಇರುತ್ತದೆ, ತರಕಾರಿ ಪಲ್ಯಕ್ಕೂ ಹಾಕುತ್ತಾರೆ. 'ತಾನ್ಪಾ ತೆರಾಸಿ, ತಾನ್ಪಾ ಇಕಾನ್, ತಾನ್ಪಾ ತೆಲುರ್' ಎಂದು ಮೂರನ್ನೂ ಬೇರೆ ಬೇರೆ ಹೇಳಿ: ಸಿಗಡಿ, ಮೀನು, ಮೊಟ್ಟೆ ಬೇಡ. ಮಾರುಕಟ್ಟೆಯಲ್ಲಿ ನುಗ್ಗೆಸೊಪ್ಪು, ಎಳೆ ಹಲಸು, ತೆಂಗಿನಕಾಯಿ, ಹುಣಸೆ, ಹೆಸರುಕಾಳು ಎಲ್ಲ ಇವೆ. ತೊಗರಿ, ಉದ್ದು ಭಾರತೀಯ ಅಂಗಡಿಯಲ್ಲಿ, ದುಬಾರಿ. ಡೆನ್‌ಪಸಾರ್‌ನಲ್ಲಿ ಭಾರತದ ಕಾನ್ಸುಲೇಟ್ ಇದೆ, ಸ್ವಾಮಿ ವಿವೇಕಾನಂದ ಸಾಂಸ್ಕೃತಿಕ ಕೇಂದ್ರ ಇದೆ; ಅಲ್ಲಿಯ ಯೋಗ, ನೃತ್ಯದ ತರಗತಿಗಳಿಗೆ ಬರುವವರು ಬಹುಪಾಲು ಸ್ಥಳೀಯರೇ. ನಮ್ಮವರ ವಾಟ್ಸಾಪ್ ಗುಂಪಿಗಿಂತ ಗೆಳೆತನ ಅಲ್ಲಿ ಬೇಗ ಬೆಳೆಯುತ್ತದೆ.

ವರ್ಷ ಮುಗಿಯಲು ಮೂರು ತಿಂಗಳಿರುವಾಗಲೇ ಮುಂದುವರಿಸುತ್ತೀರೋ ಇಲ್ಲವೋ ಎಂದು ಮನೆ ಮಾಲೀಕರಿಗೆ ಹೇಳಿ. ಮುಂದಿನ ವರ್ಷದ ಬಾಡಿಗೆ ಎಷ್ಟಕ್ಕಿಂತ ಹೆಚ್ಚು ಏರಬಾರದು ಎಂಬುದನ್ನು ಮೊದಲ ಕರಾರಿನಲ್ಲೇ ಬರೆಸಿದ್ದರೆ ಆಗ ಮಾತು ಸುಲಭ. ಬಿಡುವುದಾದರೆ ಕೆಲಿಯಾನ್‌ಗೂ ತಿಳಿಸಿ, ವಂತಿಕೆ ಬಾಕಿ ಚುಕ್ತಾ ಮಾಡಿ. ಮೀಟರ್‌ನಲ್ಲಿ ಉಳಿದ ಯೂನಿಟ್‌ಗೆ ದುಡ್ಡು ವಾಪಸ್ ಬರುವುದಿಲ್ಲ, ಕೊನೆಯ ತಿಂಗಳು 20 ಸಾವಿರ, 50 ಸಾವಿರದ ಚಿಕ್ಕ ಟೋಕನ್‌ಗಳನ್ನೇ ತುಂಬಿ. ಅನ್ನದ ಕುಕ್ಕರ್, ಹಾಸಿಗೆ, ಫ್ಯಾನ್ ಮಾರುವ ಮೊದಲು ಗಲ್ಲಿಯ ವಾರುಂಗ್‌ನಲ್ಲಿ ಒಂದು ಮಾತು ಹೇಳಿಡಿ; ಪಕ್ಕದ ಕೋಸ್‌ಗೆ ಹೊಸದಾಗಿ ಬಂದವರು ಯಾರಿದ್ದಾರೆ, ಅವರಿಗೆ ಏನು ಬೇಕು ಎಂಬುದು ಆ ಅಂಗಡಿಯವರಿಗೆ ಗೊತ್ತಿರುತ್ತದೆ.